ತುದಿ ಹಿಡ್ಕೊಂಡು ನಿಂದ್ರು

ಇಂಗ್ಲಿಷಿನವರಿಗೆ ಒಂದೇ ಪದ ಸಾಕು. ಟೊಪ್ಪಿಗೆಯಾದರೂ ‘ವೇರ್’, ಬೂಟಾದರೂ ‘ವೇರ್’, ಕನ್ನಡಕವಾದರೂ ‘ವೇರ್’. ಜಪಾನಿನವರಿಗೆ ಹಾಗೆ ನಡೆಯುವುದಿಲ್ಲ. ಮೈಮೇಲಿನ ಅಂಗಿ, ನಿಲುವಂಗಿಗೆ ‘ಕಿರು’. ಸೊಂಟದಿಂದ ಕೆಳಗಿನ ಪಾಯಿಜಾಮ, ಕಾಲುಚೀಲ, ಬೂಟುಗಳಿಗೆ ‘ಹಕು’. ತಲೆಗೆ ಹಾಕುವುದಕ್ಕೆ ‘ಕಬುರು’, ಕೈಗವಸಿಗೆ ‘ಹಮೆರು’, ಕನ್ನಡಕಕ್ಕೆ ‘ಕಕೆರು’, ಕುತ್ತಿಗೆಗೆ ಸುತ್ತುವುದಕ್ಕೆ ‘ಮಕು’. ತರಬೇತಿಯ ಮೊದಲ ದಿನ ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ಮಹಾನಂದಾಳಿಗೆ ನಗು ಬಂದಿತ್ತು. ಇದರಲ್ಲಿ ಕಲಿಯುವಂಥದ್ದು ಏನಿದೆ? ಸೀರೆ ಉಡುತ್ತಾರೆ, ಕುಪ್ಪಸ ತೊಡುತ್ತಾರೆ, ಶಾಲು ಹೊದೆಯುತ್ತಾರೆ, ಹೂವು ಮುಡಿಯುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಹುಬ್ಬಳ್ಳಿಯ ಯಾವ ಹೆಂಗಸಾದರೂ ಚಪ್ಪಲಿ ಮುಡಿದದ್ದನ್ನು ಕಂಡವರುಂಟೆ?

ಕಂಪನಿಯವರು ಹುಬ್ಬಳ್ಳಿಗೆ ಬಂದದ್ದು ಇದೇ ಕಾರಣಕ್ಕೆ ಎಂದು ಆ ದಿನ ಹೇಳಿದ್ದರು. ಒಂದೊಂದು ಉಡುಪಿಗೆ ಒಂದೊಂದು ಮಾತು ಇರುವ ನಾಡಿನ ಹೆಂಗಸರ ಕೈಗಳು ಈ ಕೆಲಸವನ್ನು ಬೇಗ ಹಿಡಿಯುತ್ತವಂತೆ. ಇಲ್ಲಿ ಕಟ್ಟಡದ ಬಾಡಿಗೆ ಕಡಿಮೆ ಎಂಬ ಕಾರಣವನ್ನು ಅವರು ಹೇಳಿರಲಿಲ್ಲ.

ಕೆಲಸ ಇಷ್ಟೇ. ಜಪಾನಿನ ಉತ್ತರದ ಕಡಲತಡಿಯ ಊರೊಂದರಲ್ಲಿ ವೃದ್ಧರ ಮನೆ. ನೋಡಿಕೊಳ್ಳಲು ಅಲ್ಲಿ ಹರೆಯದವರೇ ಉಳಿದಿಲ್ಲ. ಪ್ರತಿ ಮಂಚದ ಪಕ್ಕದಲ್ಲಿ ಮೆತ್ತನೆಯ ರಬ್ಬರು ಹೊದಿಸಿದ ಎರಡು ಯಂತ್ರದ ಕೈಗಳು. ಇಲ್ಲಿ, ಗೋಕುಲ ರಸ್ತೆಯ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ, ಕುರ್ಚಿಗೊಬ್ಬಳಂತೆ ಹೆಂಗಸರು ತಂತಿಗವಸು ತೊಟ್ಟು ಕೂಡುತ್ತಾರೆ. ಇಲ್ಲಿ ಬೆರಳು ಮಡಚಿದರೆ ಅಲ್ಲಿ ಬೆರಳು ಮಡಚುತ್ತದೆ. ಅಲ್ಲಿ ಮುದುಕಿಯ ಮೊಣಕೈ ಒತ್ತಿದರೆ ಇಲ್ಲಿ ಅಂಗೈಗೆ ಆ ಒತ್ತು ತಿಳಿಯುತ್ತದೆ. ಯಂತ್ರ ಎಲ್ಲವನ್ನೂ ನೋಡಿ ಕಲಿಯುತ್ತದೆ. ಚಲನೆ ಮುಗಿದೊಡನೆ ಪರದೆಯಲ್ಲಿ ಪ್ರಶ್ನೆ ಬರುತ್ತದೆ: ಇದು ಯಾವ ‘ವೇರ್’? ಹೆಂಗಸರು ಸರಿಯಾದ ಜಪಾನಿ ಕ್ರಿಯಾಪದವನ್ನು ಆರಿಸಿ ಒತ್ತಬೇಕು. ಹಾಗೆ ಕಲಿತು ಕಲಿತು ಈಗ ಯಂತ್ರದ ಕೈಗಳು ಮುಕ್ಕಾಲು ಕೆಲಸವನ್ನು ತಾವೇ ಮಾಡುತ್ತಿದ್ದವು. ಅವು ಎಡವಿದಾಗ ಮಾತ್ರ ಹುಬ್ಬಳ್ಳಿಯ ಕೈ ನಡುವೆ ಬರಬೇಕು. ಊರಿನಲ್ಲಿ ಈ ಹೆಂಗಸರಿಗೆ ‘ಕೈಯವರು’ ಎಂದೇ ಹೆಸರು ಬಿದ್ದಿತ್ತು.

ನಲವತ್ತೇಳರ ಮಹಾನಂದಾ ಕೈಯವರಲ್ಲೆಲ್ಲ ಚುರುಕು. ಅವಳ ಚಲನೆಗಳನ್ನೇ ಯಂತ್ರ ಹೆಚ್ಚು ನೆಚ್ಚಿಕೊಂಡಿತ್ತು. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಬ್ಬರು ಹೆಣ್ಣುಮಕ್ಕಳಿಗೆ ಫ್ರಾಕು ತೊಡಿಸಿ, ರಿಬ್ಬನ್ನು ಕಟ್ಟಿ, ಬಸ್ಸು ಬರುವುದರೊಳಗೆ ಬೀದಿಯ ತುದಿಗೆ ತಲುಪಿಸಿದ ಕೈಗಳವು. ಇಂಥ ಕೈಗಳಿಗೂ ಸಂಬಳ ಕೊಡುವವರಿದ್ದಾರೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದರೆ ಆ ವಾರ ಆ ಚುರುಕು ಕೈಗೆ ಒಬ್ಬ ಮುದುಕಿ ಸೋಲುಣಿಸುತ್ತಿದ್ದಳು.

“ಮಾನಂದಕ್ಕಾ, ನಿನ್ನ ಮುದುಕಿ ಇವತ್ತ ಏನ್ ಮಾಡಿದ್ಲು? ಕಡದಳೇನು?” ಪಕ್ಕದ ಕುರ್ಚಿಯ ಬಿಲ್ಕಿಸ್ ಗವಸು ಬಿಚ್ಚುತ್ತಾ ಕೇಳಿದಳು.

“ಕಡಿಯಾಕ ಬಂದ್ಲು. ರಬ್ಬರ್ ಕೈ ಕಡದ್ರ ಆಕೀ ಹಲ್ಲ ಹೋಗ್ತಾವ.”

“ಹಲ್ಲ ಇದ್ರಲ್ಲೇನ ಹೋಗ್ಲಿಕ್ಕೆ!”

ನಕ್ಕಳು ಮಹಾನಂದಾ. ಆದರೆ ಅಂಗೈಯಲ್ಲಿ ಆ ಮುದುಕಿಯ ಸೆಣಸಾಟ ಇನ್ನೂ ಉಳಿದಿತ್ತು. ಹೆಸರು ಕಿನು. ಎಂಬತ್ತು ದಾಟಿದವಳು. ಪ್ರಾಯದಲ್ಲಿ ಮೀನು ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟವಳಂತೆ. ಮೊಣಕೈವರೆಗಿನ ಗವಸು, ರಬ್ಬರು ಬೂಟು, ತಲೆಗೆ ಬಟ್ಟೆ, ಸೊಂಟಕ್ಕೆ ಏಪ್ರನ್ನು ಹಾಕಿಕೊಂಡು ನಿಂತ ಒಂದು ಹಳೆಯ ಫೋಟೋ ಮಂಚದ ಹಿಂದಿನ ಗೋಡೆಯಲ್ಲಿತ್ತು. ಸ್ನಾನವಾದ ಮೇಲೆ ಯಂತ್ರದ ಕೈ ಯುಕಾತಾ ಎಂಬ ಹತ್ತಿಯ ನಿಲುವಂಗಿ ಹಿಡಿದು ಬಂದರೆ ಸಾಕು, ಮುಷ್ಟಿ ಬಿಗಿದು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಯಂತ್ರ ಮೆಲ್ಲಗೆ ಮುಷ್ಟಿ ಬಿಡಿಸಿ ತೋಳಿಗೆ ತೂರಿಸುತ್ತಿತ್ತು. ಆಗ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಬರುತ್ತಿತ್ತು: ಪ್ರತಿರೋಧ.

ಮೇಲ್ವಿಚಾರಕ ಅಭಿನಂದನ್ ಬೆಂಗಳೂರಿನಿಂದ ಬಂದ ಮೆತ್ತಗಿನ ಹುಡುಗ. ಕೆಟ್ಟ ಸುದ್ದಿಯನ್ನು ಅವನು ಯಾವಾಗಲೂ ಚಹಾ ಕಪ್ಪು ಹಿಡಿದುಕೊಂಡೇ ಹೇಳುತ್ತಿದ್ದ.

“ಮೇಡಂ, ಕಿನು ಅವರದು ಇನ್ನೊಂದು ಪ್ರತಿರೋಧ ಬಂದ್ರೆ ಪೂರ್ಣಪಾಲನೆಗೆ ಹಾಕ್ತಾರೆ. ನನ್ನ ಕೈಲಿಲ್ಲ. ಅಲ್ಲಿನ ನಿಯಮ.”

ಪೂರ್ಣಪಾಲನೆ ಎಂದರೇನೆಂದು ಮಹಾನಂದಾಳಿಗೆ ಗೊತ್ತಿತ್ತು. ಮುಂದೆ ಗುಂಡಿಯಿಲ್ಲದ, ಬೆನ್ನಿನ ಕಡೆ ಬೀಗದಂಥ ಕೊಂಡಿಯಿರುವ ಇಡೀ ಮೈಯ ಚೀಲ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ಬಟ್ಟೆ, ದಿನವೂ ಅದೇ. ಮಂಚದಿಂದ ಇಳಿಸುವುದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಪೂರ್ಣಪಾಲನೆಗೆ ಹೋದವರ ಮಾತು ಯಂತ್ರಕ್ಕೆ ತಲುಪುವುದೇ ನಿಂತುಹೋಗುತ್ತದೆ. ಅವರು ಏನಂದರೂ ಅದು ಬರಿಯ ಸದ್ದು.

“ಆಕಿ ಏನ್ ಅಂತಾಳ ಅಂತ ಯಾರರ ಕೇಳ್ಯಾರೇನ್ರೀ?” ಅವಳು ಕೇಳಿದಳು.

“ಬರುತ್ತಲ್ಲ ಮೇಡಂ, ಸೇತುವಿನಲ್ಲಿ. ನೋಡಿ.”

ಸೇತು ಎಂದರೆ ನಡುವಿನ ಅನುವಾದಕ. ಮುದುಕರ ಜಪಾನಿ ಮಾತು ಅದರೊಳಗೆ ಹೋಗಿ ಇಂಗ್ಲಿಷಾಗಿ ಹೊರಬೀಳುತ್ತದೆ. ಯಂತ್ರಕ್ಕೆ ತಿಳಿಯುವುದು ಆ ಇಂಗ್ಲಿಷ್ ಮಾತ್ರ. ಕಿನುವಿನ ಹೆಸರಿನ ಮುಂದೆ ಸೇತು ಒಂದೇ ಪದವನ್ನು ಸಾಲಾಗಿ ಬರೆದಿತ್ತು. ವೇರ್. ವೇರ್. ವೇರ್.

“ನೋಡಿದ್ರಾ? ಬಟ್ಟೆ ಬೇಕು ಅಂತ ಅವರೇ ಕೇಳ್ತಾರೆ. ಹಾಕೋಕೆ ಹೋದ್ರೆ ಜಗಳ ಆಡ್ತಾರೆ,” ಅಂದ ಅಭಿನಂದನ್. “ಮರೆವಿನ ಕಾಯಿಲೆ ಇರಬೇಕು.”

*

ಮನೆಯಲ್ಲಿಯೂ ಒಬ್ಬಳು ಇದ್ದಳು. ಅತ್ತೆ ಶಂಕ್ರವ್ವ. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೊರಗಿತ್ತು. ಅಂದಿನಿಂದ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಎಲ್ಲ ಟ್ರಂಕಿನ ತಳ ಸೇರಿದ್ದವು. ಮಹಾನಂದಾಳೇ ಮಾರುಕಟ್ಟೆಗೆ ಹೋಗಿ ಅಗಲ ತೋಳಿನ, ಮುಂದೆ ಜಿಪ್ಪಿರುವ ನೈಟಿಗಳನ್ನು ತಂದಿದ್ದಳು. ಹೂವಿನ ಚಿತ್ತಾರ, ತಿಳಿ ಬಣ್ಣ, ತೊಳೆಯಲು ಸುಲಭ.

“ಚೀಲದಾಗ ತುಂಬಿ ಇಟ್ಟೀರಿ ನನ್ನ,” ಎಂದಿದ್ದಳು ಶಂಕ್ರವ್ವ ಮೊದಲ ದಿನ. “ಬಾಯೊಂದು ಹೊಲದಬಿಡ್ರಿ, ಮಿಲ್ಲಿಗೆ ಕಳಸಾಕ ಬರ್ತೈತಿ.”

ಮಗ ಈರಣ್ಣ ನಕ್ಕಿದ್ದ. “ಏ ಯವ್ವಾ, ಮನ್ಯಾಗ ಇರಾಕಿ ನೀ. ನಿನ್ನ ಯಾರ್ ನೋಡ್ತಾರ? ಆರಾಮ ಇರು.”

ಶಂಕ್ರವ್ವ ಅಂದಿನಿಂದ ಮುಂಬಾಗಿಲ ಕಟ್ಟೆಗೆ ಹೋಗಿ ಕೂಡುವುದನ್ನು ಬಿಟ್ಟುಬಿಟ್ಟಳು. ಸಂಜೆಯ ಹೊತ್ತು ಓಣಿಯ ಹೆಂಗಸರೆಲ್ಲ ಬೆಳ್ಳುಳ್ಳಿ ಸುಲಿಯುತ್ತಾ, ಕಂಡವರ ಸುದ್ದಿ ಹೇಳುತ್ತಾ ಕೂಡುವ ಕಟ್ಟೆ ಅದು. ಯಜಮಾನಿಕೆ ಶಂಕ್ರವ್ವನದೇ. ಅವಳಿಲ್ಲದೆ ಹೆಂಗಸರು ಮೊದಮೊದಲು ಕೂಗಿ ಕರೆದರು. ಆಮೇಲೆ ಕರೆಯುವುದನ್ನು ಬಿಟ್ಟರು.

ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಮಹಾನಂದಾ ಅತ್ತೆಗೆ ಸ್ನಾನ ಮಾಡಿಸಿ ನೈಟಿ ಹಾಕುತ್ತಿದ್ದಳು. ಸೊರಗಿದ ಕೈ ಮೊದಲು, ಗಟ್ಟಿ ಕೈ ಆಮೇಲೆ, ತಲೆ, ಜಿಪ್ಪು. ಕುಕ್ಕರಿನ ಒಂದು ಸೀಟಿಗೂ ಇನ್ನೊಂದಕ್ಕೂ ನಡುವೆ ಮುಗಿದುಹೋಗುತ್ತಿತ್ತು. ಆ ಹೊತ್ತಿನಲ್ಲಿ ಶಂಕ್ರವ್ವ ಗೋಡೆಯನ್ನು ನೋಡುತ್ತಾ ಕೂಡುತ್ತಿದ್ದಳು. ಮಹಾನಂದಾ ಆ ಮೌನವನ್ನು ಒಪ್ಪಿಗೆ ಎಂದು ಎಣಿಸಿದ್ದಳು. ಪ್ರತಿರೋಧ ಇಲ್ಲ, ಅಂದರೆ ಎಲ್ಲ ಸರಿಯಾಗಿದೆ ಎಂದು.

*

ಮರುದಿನ ಅವಳು ಒಂದು ನಿಯಮ ಮುರಿದಳು. ಕೈಯವರು ಮುದುಕರ ನಿಜವಾದ ದನಿಯನ್ನು ಕೇಳುವ ಹಾಗಿರಲಿಲ್ಲ. ಕೇಳಿದರೆ ಕೈ ನಿಧಾನವಾಗುತ್ತದೆ ಎಂದು ಕಂಪನಿ ಆ ಗುಂಡಿಯನ್ನು ಪರದೆಯ ಮೂಲೆಯಲ್ಲಿ ಬೂದು ಬಣ್ಣ ಬಳಿದು ಅಡಗಿಸಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಮಹಾನಂದಾ ಹಿಂದಿನ ದಿನದ ದೃಶ್ಯವನ್ನು ತೆರೆದು, ಆ ಗುಂಡಿಯನ್ನು ಹುಡುಕಿ ಒತ್ತಿದಳು.

ಸೊಂಟದ ಮೇಲೆ ಕೈಯಿಟ್ಟು ಗಿರಾಕಿಯ ಕೂಡ ಮಾತಾಡುವವಳ ಗಡುಸು ದನಿ. “ಕಿರು. ಕಿರು ಯೊ. ಜಿಬುನ್ ದೆ ಕಿರು.”

ಮಹಾನಂದಾಳ ಕೈಯಲ್ಲಿದ್ದ ರೊಟ್ಟಿಯ ತುಣುಕು ಅಲ್ಲೇ ಉಳಿಯಿತು.

“ಏನಂತಾಳ?” ಬಿಲ್ಕಿಸ್ ಬಾಗಿ ಕೇಳಿದಳು. ಅವಳ ಜಪಾನಿ ಅಷ್ಟಕ್ಕಷ್ಟೇ.

“ಉಡ್ತೀನಿ ಅಂತಾಳ. ನಾನ ಉಡ್ತೀನಿ ಅಂತಾಳ.”

ಹಾಗೆ ಹೇಳಿ ಅವಳು ಪರದೆಯನ್ನೇ ನೋಡುತ್ತಾ ಕೂತಳು. ಮುದುಕಿ ಹೇಳುತ್ತಿದ್ದದ್ದು ನಾನು ಉಡುತ್ತೇನೆ ಎಂದು. ಸೇತು ಅದನ್ನು ಬೋಳು ‘ವೇರ್’ ಮಾಡಿತು. ಯಂತ್ರ ತನ್ನ ಬಳಿ ಇರುವ ಚಲನೆಗಳಲ್ಲಿ ಹುಡುಕಿತು. ಅದರ ಹತ್ತಿರ ಇದ್ದದ್ದೆಲ್ಲ ‘ಕಿಸೆರು’, ಉಡಿಸುವುದು. ಹುಬ್ಬಳ್ಳಿಯ ಅಷ್ಟೂ ಹೆಂಗಸರು ಗೊಂಬೆಯ ಮೇಲೆ, ಒಬ್ಬರು ಇನ್ನೊಬ್ಬರ ಮೇಲೆ ಮಾಡಿ ತೋರಿಸಿದ್ದು ಅದೊಂದನ್ನೇ. ಪದಗಳ ಪಟ್ಟಿಯಲ್ಲಿ ‘ಕಿರು’ ಇತ್ತು. ಆದರೆ ಅದನ್ನು ಒಬ್ಬರೂ ಒತ್ತಿರಲಿಲ್ಲ. ಯಂತ್ರದ ಕೈ ತಾನೇನು ಬಟ್ಟೆ ಉಡುತ್ತದೆಯೇ?

ಅವಳಿಗೆ ತನ್ನ ಮದುವೆಯ ಮುಂಜಾನೆ ನೆನಪಾಯಿತು. ನಡುಮನೆಯಲ್ಲಿ ನಿಲ್ಲಿಸಿ ನಾಲ್ಕಾರು ಮಂದಿ ಸುತ್ತುವರಿದು ಸೀರೆ ಉಡಿಸಿದ್ದರು. ಒಬ್ಬಳು ನೆರಿಗೆ ಹಿಡಿದಳು, ಒಬ್ಬಳು ಪಿನ್ನು ಚುಚ್ಚಿದಳು. ಅವಳು ಸೆರಗನ್ನು ಒಂದಿಷ್ಟು ಮೇಲೆ ಎಳೆದುಕೊಳ್ಳಲು ಕೈ ಎತ್ತಿದರೆ, ಸೋದರತ್ತೆ ಕೈಗೆ ಮೆಲ್ಲಗೆ ಹೊಡೆದು, “ಏ, ಸುಮ್ನ ನಿಂದ್ರು” ಎಂದಿದ್ದಳು. ನಿಂತಿದ್ದಳು. ಅಂದು ನಿಂತವಳು ಆಮೇಲೆ ಎಷ್ಟೋ ವಿಷಯಗಳಲ್ಲಿ ಹಾಗೇ ನಿಂತೇ ಇದ್ದಳೆಂದು ಈಗ ಅನ್ನಿಸಿತು.

ಅಭಿನಂದನ್‌ಗೆ ಹೇಳಿದಳು. ಅವನು ಕೇಳಿದ. ಅದು ಅವನ ಒಳ್ಳೆಯ ಗುಣ, ಪೂರ್ತಿ ಕೇಳುತ್ತಿದ್ದ.

“ಅರ್ಥ ಆಯ್ತು ಮೇಡಂ. ಆದ್ರೆ ಅವರೇ ಹಾಕ್ಕೊಂಡ್ರೆ ಎಷ್ಟೊತ್ತು? ಒಬ್ಬೊಬ್ಬರಿಗೂ ಸಮಯ ಇದೆ. ಪಟ್ಟಿ ಕೆಂಪಾದ್ರೆ ನಮ್ಮ ಸೆಂಟರ್‌ಗೇ ಹೊಡೆತ.” ಪ್ರತಿ ಪರದೆಯ ಮೇಲೂ ಒಂದು ಹಸಿರು ಪಟ್ಟಿ ಕರಗುತ್ತಾ ಹೋಗುತ್ತಿತ್ತು. ಅದು ಮುಗಿಯುವುದರೊಳಗೆ ಬಟ್ಟೆ ಮೈಮೇಲೆ ಇರಬೇಕು. “ನಾಳೆ ಅವರ ಮುಂದಿನ ಸ್ನಾನ, ಅದೇ ಕೊನೇ ಅವಕಾಶ. ನೀವೇ ಕೈ ಹಾಕಿ. ನಿಮ್ಮಷ್ಟು ನಾಜೂಕಾಗಿ ಯಾರೂ ಮಾಡಲ್ಲ. ಅವರಿಗೆ ಗೊತ್ತಾಗೋದರೊಳಗೆ ಮುಗಿಸಿಬಿಡಿ.”

ಗೊತ್ತಾಗುವುದರೊಳಗೆ ಮುಗಿಸಿಬಿಡುವುದು. ತಾನು ಅತ್ತೆಗೆ ಮಾಡುವುದೂ ಅದನ್ನೇ ಅಲ್ಲವೆ?

*

ಸಂಜೆ ಮನೆಗೆ ಬಂದಾಗ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಹಿತ್ತಲಿನಿಂದ ಒಳಗೆ ಹೋದಳು. ನಡುಮನೆಯಲ್ಲಿ ಟ್ರಂಕು ತೆರೆದು ಬಿದ್ದಿತ್ತು. ನೈಟಿ ಮೂಲೆಯಲ್ಲಿ ಮುದ್ದೆಯಾಗಿತ್ತು. ಶಂಕ್ರವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕುಪ್ಪಸ ಹೇಗೋ ತೊಟ್ಟಿದ್ದಳು, ಗಂಟು ಕಟ್ಟಿರಲಿಲ್ಲ. ಕೆಂಪು ಟೋಪು ಸೆರಗಿನ ಇಳಕಲ್ ಸೀರೆಯ ಒಂದು ತುದಿ ಹಲ್ಲಿನ ನಡುವೆ. ಎಡಗೈ ಸೊಂಟದ ಹತ್ತಿರ ಸೀರೆ ಸಿಕ್ಕಿಸಲು ಒದ್ದಾಡುತ್ತಿತ್ತು. ಉಳಿದದ್ದು ನೆಲದ ಮೇಲೆ ಹರಡಿತ್ತು. ಹಣೆಯಲ್ಲಿ ಬೆವರು.

“ಅಯ್ಯ ಅತ್ತಿ! ಬಿದ್ದಗಿದ್ದಿದ್ರ?” ಮಹಾನಂದಾ ಚೀಲ ಎಸೆದು ಓಡಿದಳು. ಅವಳ ಕೈಗಳು ಅವಳಿಗಿಂತ ಮುಂಚೆ ಅಲ್ಲಿ ತಲುಪಿದ್ದವು. ಸೀರೆಯ ಅಂಚು ಹಿಡಿದು ಎಳೆದದ್ದೂ ಆಯಿತು.

ಶಂಕ್ರವ್ವ ಹಲ್ಲಿನಿಂದ ಸೀರೆ ಬಿಟ್ಟಳು. “ಕೈ ತಗಿ.”

“ಇಲ್ರೀ, ಒಂದ ನಿಮಿಷದಾಗ...”

“ಕೈ ತಗಿ ಅಂದೆ. ನೀ ಉಡಸೂದು ಬ್ಯಾಡ. ನಾ ಉಡ್ತೀನಿ.”

ಮಹಾನಂದಾ ಕೈ ತೆಗೆದಳು. ಸೀರೆ ಜಾರಿತು. ಶಂಕ್ರವ್ವ ಜಾರಿದ ಸೀರೆಯನ್ನು ನೋಡಿದಳು, ಸೊಸೆಯ ಮುಖವನ್ನು ನೋಡಿದಳು. ದನಿ ಒಂದು ಮೆಟ್ಟಿಲು ಇಳಿಯಿತು.

“ಹೋಗಬ್ಯಾಡ. ಸುಮ್ನ ಆ ತುದಿ ಹಿಡ್ಕೊಂಡು ನಿಂದ್ರು. ನಾ ಎಳದ್ರ ಬಿಡು. ನಾ ನಿಂತ್ರ ನಿಂದ್ರು. ಅಷ್ಟ.”

ಅಷ್ಟೇ ಕೆಲಸ. ಆದರೆ ಮಹಾನಂದಾಳ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಅತ್ತೆಯ ಎಡಗೈ ನೆರಿಗೆ ಮಾಡಲು ಹೋಗಿ ತಪ್ಪುತ್ತಿತ್ತು, ಮತ್ತೆ ಹೋಗುತ್ತಿತ್ತು. ಮಹಾನಂದಾಳ ಬೆರಳುಗಳು ತುರಿಸುತ್ತಿದ್ದವು. ಇತ್ತ ತನ್ನಿ, ಹೀಗೆ, ಆಯಿತಲ್ಲ ಎನ್ನುವ ಮಾತು ನಾಲಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಅತ್ತೆ ಎಳೆದಾಗ ಸಡಿಲ ಬಿಡಬೇಕು, ಆದರೆ ಜಾರುವಷ್ಟು ಬಿಡಬಾರದು. ನಿಂತಾಗ ಬಿಗಿ ಹಿಡಿಯಬೇಕು, ಆದರೆ ಎಳೆಯಬಾರದು. ಒಮ್ಮೆ ತಾಳಲಾರದೆ ಒಂದು ಗೇಣು ಮುಂದೆ ತಳ್ಳಿದಳು. “ಹೂಂ!” ಎಂದು ಗದರಿದಳು ಶಂಕ್ರವ್ವ. ಹಿಂದಕ್ಕೆ ತೆಗೆದುಕೊಂಡಳು. ಈ ಕೈಗಳಿಗೆ ಎಲ್ಲ ಬರುತ್ತದೆ ಅಂದುಕೊಂಡಿದ್ದಳು. ನಿಲ್ಲುವುದು ಬರುತ್ತಿರಲಿಲ್ಲ.

ಸಂಜೆಯ ಚಹಾದ ಹೊತ್ತು ಮೀರಿತು. ಈರಣ್ಣ ಬಂದು ಕದ ಬಡಿದು, ಹಿತ್ತಲಿನಿಂದ ಇಣುಕಿ, “ಏನ ನಡಸೀರಿ ಇಬ್ಬರೂ?” ಅಂದ.

“ನಿನ್ನವ್ವ ಸೀರಿ ಉಡಾಕತ್ತಾಳ. ಹೊರಗ ನಿಂದ್ರು,” ಎಂದಳು ಶಂಕ್ರವ್ವ. ಅವನು ನಿಂತ.

ಕೊನೆಗೆ ಸೀರೆ ಮೈಮೇಲೆ ನಿಂತಿತು. ನೆರಿಗೆ ಸೊಟ್ಟಗಿತ್ತು, ಒಂದು ಕಡೆ ಹಿಮ್ಮಡಿ ಕಾಣುತ್ತಿತ್ತು. ಶಂಕ್ರವ್ವ ಕನ್ನಡಿ ಕೇಳಲಿಲ್ಲ. ಎಡಗೈಯಲ್ಲಿ ಸೆರಗು ತಲೆಯ ಮೇಲೆ ಎಳೆದುಕೊಂಡು, ಕುಪ್ಪಸದ ಗಂಟಿನ ಕಡೆ ಗದ್ದದಿಂದ ತೋರಿಸಿ, “ಇದೊಂದ ಕಟ್ಟು. ಇದು ನನಗ ಆಗೂದಿಲ್ಲ” ಎಂದಳು. ಗಂಟು ಕಟ್ಟುವಾಗ ಮಹಾನಂದಾಳ ಕೈ ಮೊದಲ ಸಲ ನಿಧಾನವಾಯಿತು. ಕೇಳಿ ಮಾಡಿಸಿಕೊಂಡ ಕೆಲಸದ ತೂಕವೇ ಬೇರೆ.

ಆಮೇಲೆ ಶಂಕ್ರವ್ವ ಗೋಡೆ ಹಿಡಿದುಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಎದುರು ಮನೆಯಿಂದ ಕೂಗು ಬಂತು. “ಏ ಶಂಕ್ರಕ್ಕಾ, ಎಲ್ಲಿಗ್ ಹೋಗಿದ್ದಿ ಇಷ್ಟ ದಿನ?”

“ಮಿಲ್ಲಿಗ್ ಹೋಗಿದ್ನಿ. ಹಿಟ್ಟ ಮಾಡಿಲ್ಲ, ಹೊಳ್ಳಿ ಕಳಿಸ್ಯಾರ.”

*

ಮರುದಿನ ಬೆಳಿಗ್ಗೆ ಹತ್ತಕ್ಕೆ, ಜಪಾನಿನಲ್ಲಿ ಮಧ್ಯಾಹ್ನ ಒಂದೂವರೆಗೆ, ಕಿನುವನ್ನು ಸ್ನಾನದಿಂದ ತಂದು ಮಂಚದ ಅಂಚಿಗೆ ಕೂಡಿಸಿದರು. ಮೈಗೆ ದೊಡ್ಡ ಟವೆಲು ಸುತ್ತಿತ್ತು. ಮಹಾನಂದಾ ಗವಸು ತೊಟ್ಟಳು. ಯಂತ್ರವನ್ನು ಬದಿಗೆ ಸರಿಸಿ ತನ್ನ ಕೈಯನ್ನೇ ಮುಂದೆ ಮಾಡಿದಳು. ಬೂದು ಗುಂಡಿ ಒತ್ತಿ ದನಿಯನ್ನೂ ತೆರೆದಳು. ಹಸಿರು ಪಟ್ಟಿ ಕರಗಲು ತೊಡಗಿತು.

ನೀಲಿ ಗೆರೆಯ ಯುಕಾತಾವನ್ನು ಎರಡೂ ಕೈಯಲ್ಲಿ ಎತ್ತಿದಳು. ಕಿನುವಿನ ಮುಷ್ಟಿ ಎದೆಗೆ ಹೋಯಿತು. “ಕಿರು,” ಎಂದಳು. ನೂರು ಸಲ ಹೇಳಿ ಬೇಸತ್ತ ದನಿ.

ಮಹಾನಂದಾ ತೋಳಿನ ಬಾಯನ್ನು ಅಗಲ ಮಾಡಿ, ಮುದುಕಿಯ ಕೈಗೆ ಎಟುಕುವಷ್ಟು ದೂರದಲ್ಲಿ ಹಿಡಿದಳು. ಹಿಡಿದು ನಿಂತಳು.

ಕಿನು ಬಡಿಯಲು ಕೈ ಎತ್ತಿದಳು. ಯಂತ್ರದ ಕೈ ಮುಂದೆ ಬರಲಿಲ್ಲ. ಎತ್ತಿದ ಕೈ ಗಾಳಿಯಲ್ಲಿ ಉಳಿಯಿತು. ಅವಳು ರಬ್ಬರಿನ ಬೆರಳುಗಳನ್ನು ನೋಡಿದಳು. ಆಮೇಲೆ ಕ್ಯಾಮೆರಾದ ಕಡೆ ನೋಡಿದಳು, ಆ ಗಾಜಿನ ಹಿಂದೆ ಯಾರೋ ಇರುವುದು ಈಗಷ್ಟೇ ಹೊಳೆದವಳ ಹಾಗೆ.

ಪಟ್ಟಿ ಹಳದಿಯಾಯಿತು.

“ಮೇಡಂ,” ಅಭಿನಂದನ್ ಹಿಂದೆ ಬಂದು ನಿಂತಿದ್ದ. “ಯಾಕೆ ನಿಂತ್ರಿ? ಗವಸು ಸಿಕ್ಕಿಕೊಂಡಿತಾ?”

“ಇಲ್ರೀ.”

“ಮತ್ತೆ ಮಾಡಿ!”

“ಮಾಡಾಕತ್ತೀನಿ.”

ಕಿನುವಿನ ಬಲಗೈ ಇಳಿಯಿತು. ಬೆರಳು ಮೊದಲು, ಆಮೇಲೆ ಮಣಿಕಟ್ಟು, ತೋಳಿನ ಬಾಯಿಯನ್ನು ಮುಟ್ಟಿ ನೋಡಿತು. ಒಳಗೆ ತೂರಿತು. ಮೊಣಕೈ ಸಿಕ್ಕಿಕೊಂಡಿತು. ಮಹಾನಂದಾಳ ಬೆರಳುಗಳಿಗೆ ಆ ಬಟ್ಟೆಯ ಸೆಳೆತ ತಿಳಿಯಿತು. ಎಳೆದದ್ದಕ್ಕೆ ತಕ್ಕಷ್ಟು ಸಡಿಲ ಬಿಟ್ಟಳು. ಪಟ್ಟಿ ಕೆಂಪಾಗಿ ಮಿಣುಕತೊಡಗಿತು. ಗಂಟೆ ಬಾರಿಸಿತು. ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು.

“ಮೇಡಂ, ಕೆಂಪಾಯ್ತು! ನಾನೇ ಯಂತ್ರಕ್ಕೆ ಬಿಡ್ತೀನಿ.” ಅಭಿನಂದನ್ ಕೀಲಿಮಣೆಗೆ ಕೈ ಚಾಚಿದ.

“ಕೈ ತಗೀರಿ.”

ಅವಳು ಕೂಗಿರಲಿಲ್ಲ. ಆದರೂ ಅವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಗವಸು ಅಲುಗದಂತೆ ಕತ್ತಷ್ಟೇ ಹೊರಳಿಸಿ ಅವಳು ಅವನನ್ನು ನೋಡಿದಳು.

“ನನ್ನ ಕೆಲಸದಿಂದ ತಗೀರಿ, ನಾಳೆ ತಗೀರಿ. ಈಗ ಆಕಿ ಒಂದ ತೋಳ ತೊಟ್ಟಾಳ. ಇನ್ನೊಂದ ಐತಿ. ನಿಂದ್ರೂದಾದ್ರ ನಿಂದ್ರಿ, ಇಲ್ಲಾ ಚಾ ಕುಡದ ಬರ್ರಿ.”

ಬಿಲ್ಕಿಸ್ ಕುರ್ಚಿಯನ್ನು ಕಾಲಿನಿಂದ ತಳ್ಳಿಕೊಂಡು ಬಂದು ಅಭಿನಂದನ್ ಮತ್ತು ಕೀಲಿಮಣೆಯ ನಡುವೆ ನಿಲ್ಲಿಸಿದಳು. “ಕೂಡ್ರಿ ಸರ, ನಿಂತ ಕಾಲ ನೋಯ್ತಾವು,” ಅಂದಳು ಬಲು ಮರ್ಯಾದೆಯಿಂದ.

ಇನ್ನೊಂದು ತೋಳು ಆಯಿತು. ಕಿನು ಎದ್ದು ನಿಂತಳು, ತೂರಾಡಿದಳು, ರಬ್ಬರಿನ ಮಣಿಕಟ್ಟನ್ನು ತಾನೇ ಹಿಡಿದುಕೊಂಡು ನೆಟ್ಟಗಾದಳು. ಬಲ ಮಡಿಕೆಯನ್ನು ಮೈಗೆ ಒತ್ತಿ, ಅದರ ಮೇಲೆ ಎಡ ಮಡಿಕೆಯನ್ನು ತಂದಳು. ಸೊಂಟಕ್ಕೆ ಬಟ್ಟೆಯ ಪಟ್ಟಿ ಸುತ್ತಿ ಗಂಟು ಹಾಕುವಾಗ ಬೆರಳು ಸೋತವು. ಅವಳು ಆ ಗಂಟನ್ನು ಯಂತ್ರದ ಕೈಗೆ ಚಾಚಿದಳು. ಕೇಳಿದಳು. ಮಹಾನಂದಾ ಕಟ್ಟಿದಳು.

ಕೆಂಪು ಪಟ್ಟಿಯ ಕೆಳಗೆ, ‘ಪ್ರತಿರೋಧ’ ಎಂದು ಬರಬೇಕಾದಲ್ಲಿ, ಯಂತ್ರ ಬರೆದಿತ್ತು: ಇಲ್ಲ.

ಮತ್ತೆ ಅದೇ ದಿನನಿತ್ಯದ ಪ್ರಶ್ನೆ ಬಂತು. ಇದು ಯಾವ ‘ವೇರ್’? ಅವಳ ಬೆರಳು ರೂಢಿಯಂತೆ ‘ಕಿಸೆರು’ವಿನ ಕಡೆ ಹೋಗಿ ತಡೆಯಿತು. ಪದಗಳ ಪಟ್ಟಿಯಲ್ಲಿ ಯಾರೂ ಮುಟ್ಟದೆ ಹೊಚ್ಚ ಹೊಸದಾಗಿ ಉಳಿದಿದ್ದ ಪದವನ್ನು ಒತ್ತಿದಳು. ಕಿರು. ಯಂತ್ರ ಆ ಪದವನ್ನು ತೆಗೆದುಕೊಂಡಿತು. ಅದಕ್ಕೆ ಬೇಡವೆನ್ನಲು ಕಾರಣವಿರಲಿಲ್ಲ.

*

ಇದರಿಂದ ಕಂಪನಿಗೆ ಒಂದು ಪೇಚು ಬಂತು. ಅದು ಅವರು ತಾವೇ ಕಟ್ಟಿಕೊಂಡ ಪೇಚು. ಮುದುಕರ ಮಕ್ಕಳ ದೂರು ತಾಳಲಾರದೆ ಅವರು ಯಂತ್ರಕ್ಕೆ ಒಂದು ಮಾತು ಕಲಿಸಿಟ್ಟಿದ್ದರು: ಬೇಗ ಮಾಡುವುದು ಒಳ್ಳೆಯದು, ಆದರೆ ಪ್ರತಿರೋಧವಿಲ್ಲದೆ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಮೌನವಾಗಿ ಮೈಕೊಟ್ಟವರ ಲೆಕ್ಕದಲ್ಲಿ ಆ ಮಾತು ಚೆನ್ನಾಗಿಯೇ ನಡೆದಿತ್ತು. ಈಗ ಯಂತ್ರದ ಮುಂದೆ, ಸೇತು ‘ವೇರ್’ ಎಂದಾಗ ಆರಿಸಿಕೊಳ್ಳಲು ‘ಕಿರು’ ಎಂಬ ಒಂದು ಹೊಸ ಚಲನೆಯೂ ಇತ್ತು. ಅದರಲ್ಲಿ ಪ್ರತಿರೋಧ ಒಂದಿಷ್ಟೂ ಇರಲಿಲ್ಲ.

ಒಂದೇ ಸಲ ನೋಡಿದ್ದನ್ನು ಯಂತ್ರ ನಂಬುವುದಿಲ್ಲ, ಹಲವು ಕೈಗಳು ಮಾಡಬೇಕು. ಅದನ್ನು ಹೆಂಗಸರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿಗಳ ನಡುವೆ ಮಹಾನಂದಾ ಸೀರೆಯ ತುದಿ ಹಿಡಿದು ನಿಂತ ಕಥೆ ಹೇಳಿದಳು. ಯಾರೂ ಘೋಷಣೆ ಕೂಗಲಿಲ್ಲ. “ನಮ್ಮವ್ವನೂ ಹಂಗ ಅಂತಿದ್ಲು,” ಎಂದಳು ಒಬ್ಬಳು. “ನಮ್ಮ ದಾದಿಗೆ, ಅಂದ್ರ ಅಪ್ಪನ ಅವ್ವಗ, ನಾ ಬುರ್ಖಾ ಹಾಕ್ತಿದ್ನಿ, ಗುಂಡಿ ಹಚ್ಚಾಕ ಬಿಡ್ತಿದ್ದಿಲ್ಲ ಆಕಿ,” ಎಂದಳು ಬಿಲ್ಕಿಸ್, ನಗದೆ. ಸಂಜೆಯ ಉಡುಪಿನ ಹೊತ್ತು ಬಂದಾಗ ಒಂದೊಂದಾಗಿ ಎಲ್ಲ ಪರದೆಗಳ ಮೇಲೂ ತೋಳುಗಳು ಬಾಯಿ ತೆರೆದು ನಿಂತವು. ಕಾಲುಚೀಲಗಳು ಪಾದದ ಮುಂದೆ ತೆರೆದು ನಿಂತವು. ಟೊಪ್ಪಿಗೆಗಳು ಹಣೆಯ ಮುಂದೆ ನಿಂತವು. ಕೋಣೆಯ ತುಂಬ ಕೆಂಪು ಪಟ್ಟಿ, ಕೋಣೆಯ ತುಂಬ ಗಂಟೆ. ಹೆಂಗಸರು ಕೈ ಅಲುಗಿಸದೆ ಕೂತಿದ್ದರು. ಕಡಲಾಚೆ ಒಬ್ಬ ಮುದುಕ ಪಾಯಿಜಾಮದೊಳಗೆ ತಾನೇ ಕಾಲಿಟ್ಟು, ಏನೋ ದೊಡ್ಡದನ್ನು ಗೆದ್ದವನಂತೆ ತೊಡೆ ತಟ್ಟಿಕೊಂಡ. ಅಭಿನಂದನ್ ಫೋನಿನಲ್ಲಿ ಯಾರಿಗೋ ಸಮಜಾಯಿಷಿ ಹೇಳುತ್ತಾ ಓಡಾಡುತ್ತಿದ್ದವನು ಆ ಪರದೆಯ ಮುಂದೆ ಬಂದಾಗ ಫೋನನ್ನು ಕಿವಿಯಿಂದ ಇಳಿಸಿ ನಿಂತುಬಿಟ್ಟ.

ಮುಂದಿನ ವಾರ ಮಹಾನಂದಾಳ ಹೆಸರು ಕೆಲಸದ ಪಟ್ಟಿಯಲ್ಲಿರಲಿಲ್ಲ. ಅವಳು ಅದನ್ನು ಎಣಿಸಿಯೇ ಇದ್ದಳು. ಗವಸನ್ನು ಮೇಜಿನ ಮೇಲೆ ಬೆರಳು ಮೇಲಾಗಿ ಇಟ್ಟಳು.

“ಸಾರಿ ಮೇಡಂ,” ಎಂದ ಅಭಿನಂದನ್. ಕೈಯಲ್ಲಿ ಚಹಾ ಇರಲಿಲ್ಲ. “ಆ ಚಲನೇನ ತೆಗೆಯೋಕೆ ಮೇಲಿನವರು ನೋಡಿದ್ರು. ತೆಗೆದ್ರೆ ಪ್ರತಿರೋಧ ಮತ್ತೆ ಏರುತ್ತೆ. ಯಂತ್ರ ತಾನೇ ಅದಕ್ಕೆ ವಾಪಸ್ ಹೋಗುತ್ತೆ. ಈಗ ನಾವು ಯಾರೂ ಕೈ ಹಾಕದೇನೇ ಅದು ತೋಳು ಹಿಡ್ಕೊಂಡು ನಿಲ್ಲುತ್ತೆ.”

“ಕಿನು?”

“ಪೂರ್ಣಪಾಲನೆಗೆ ಹೋಗಲಿಲ್ಲ.” ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ನಿನ್ನೆ ಬೂಟು ಬೇಕು ಅಂದ್ರಂತೆ. ರಬ್ಬರ್ ಬೂಟು. ‘ಹಕು’ ಅಂದ್ರಂತೆ.”

ಮಹಾನಂದಾ ಮೆಟ್ಟಿಲಿಳಿದು ಬಿಸಿಲಿಗೆ ಬಂದಳು. ಸಂಬಳವಿಲ್ಲದ ತಿಂಗಳು ಹೇಗೆಂಬ ಯೋಚನೆ ಇಲ್ಲದಿರಲಿಲ್ಲ. ಆದರೂ ಬಸ್ಸಿನ ಸರಳು ಹಿಡಿದು ನಿಂತಾಗ ಕೈಗಳು ಹಗುರವಾಗಿದ್ದವು.

ಶಂಕ್ರವ್ವ ಕಟ್ಟೆಯ ಮೇಲಿದ್ದಳು. ಎಲ್ಲ ಕೇಳಿದಳು. ಕೆಲಸ ಹೋದದ್ದಕ್ಕೆ ಒಮ್ಮೆ “ಹೋತ?” ಎಂದು ಕೇಳಿದಳು, ಅಷ್ಟೇ. ಅವಳ ಕುತೂಹಲ ಬೇರೆ ಕಡೆಗಿತ್ತು.

“ಆ ಮುದುಕಿದು ಸೀರೇನೋ, ಅಂಗಿನೋ?”

“ಎರಡೂ ಅಲ್ರೀ ಅತ್ತಿ. ಅಂಗಿ ಹಂಗ ತೋಳ ಇರ್ತಾವ.”

“ತೋಳ ಇದ್ರ ತೊಡೂದು.”

“ಆದ್ರ ಮೈಗೆ ಸುತ್ತಿ ನಡಕ್ಕ ಕಟ್ಕೋತಾರ.”

“ಸುತ್ತಿ ಕಟ್ಕೊಂಡ್ರ ಉಡೂದು.” ಶಂಕ್ರವ್ವ ಎಡಗೈ ಬೀಸಿದಳು. “ಏನರ ಅನ್ಲಿ. ಆಕಿನ ಮಾಡಿದ್ಲಲ್ಲ?”

“ಆಕಿನ ಮಾಡಿದ್ಲು.”

“ಹಂ.” ಶಂಕ್ರವ್ವ ಎಡಗೈಯಿಂದ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಈ ವಾರ ನೆರಿಗೆ ಅಷ್ಟು ಸೊಟ್ಟಗಿರಲಿಲ್ಲ. ಎದ್ದು ನಿಲ್ಲಲು ಗೋಡೆಗೆ ಕೈ ಕೊಟ್ಟಳು. ಮಹಾನಂದಾಳ ಕೈ ತಾನಾಗಿ ಮುಂದೆ ಹೋಗ ಹೊರಟಿತು, ನಿಂತಿತು.

“ನಾಳಿಂದ ತುದೀನೂ ಹಿಡೀಬ್ಯಾಡ,” ಎಂದಳು ಶಂಕ್ರವ್ವ. “ಗೂಟಕ್ಕ ಕಟ್ಟಿ ನೋಡ್ತೀನಿ.”